ಆನೆ ಓರೆಯಾಗಿ ನಡೆದ ದಿನ

ತಿರ್ಲಾಪುರ
೬-೨-೧೯೭೯, ಮಂಗಳವಾರ

ಪ್ರೀತಿಯ ಮೌಲಾ,

ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ನಾವೆಲ್ಲ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇವೆ ಎಂದು ಶುರು ಮಾಡಿದ ಎರಡು ಉತ್ತರಗಳನ್ನು ಒಲೆಗೆ ಹಾಕಿದೆ. ಇದರಲ್ಲಿ ಆ ಸಾಲು ಬರೆಯುವುದಿಲ್ಲ.

ನೀನು ಸಂಶಿಯಿಂದ ಬರೆದದ್ದು ಒಂದೇ ಹಾಳೆ. ನಿನ್ನ ಅಪ್ಪ ಹಸನಸಾಬ ಕಾಕಾನ ನಲವತ್ತನೆಯ ದಿನದ ಫಾತೇಹಾ ಮುಗಿಯಿತೆಂದು ಬರೆದಿದ್ದೀ. ಕೊನೆಕೊನೆಗೆ ಕಾಕಾ ನಿನ್ನನ್ನು ಹತ್ತಿರ ಕೂರಿಸಿಕೊಂಡು, "ಮಾಸ್ತರ ಮ್ಯಾಲ ಸಿಟ್ಟು ಇಟಗೋಬ್ಯಾಡವಾ. ಅವರ ಬುದ್ಧಿ ನೆಟ್ಟಗ ಇದ್ದಿದ್ರ ನನ್ನ ಬಾಜು ನಿಲ್ತಿದ್ರು" ಎಂದು ಹೇಳಿದರಂತೆ. ಅದರ ಕೆಳಗೆ ನೀನು ಒಂದೇ ಮಾತು ಕೇಳಿದ್ದೀ: ಸುಶೀ, ಖರೇನ ನಿಮ್ಮಪ್ಪಗ ಬುದ್ಧಿ ಹೋಗಿತ್ತೇನ?

ಇಲ್ಲ, ಮೌಲಾ. ಹೋಗಿರಲಿಲ್ಲ. ಈಗಲೂ ಹೋಗಿಲ್ಲ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯಲೇಬೇಕು. ನೀನು ಮದುವೆಯಾಗಿ ಊರು ಬಿಟ್ಟು ಹದಿನೈದು ವರ್ಷ. ಇಲ್ಲಿಯ ಸುದ್ದಿ ನಿನ್ನ ಕಿವಿಗೆ ತುಂಡು ತುಂಡಾಗಿ ಬಿದ್ದಿದೆ. ಮೊದಲಿನಿಂದ ಹೇಳುತ್ತೇನೆ. ನಡುವೆ ಎಲ್ಲಿಯಾದರೂ ನನಗೆ ಅನುಕೂಲವಾಗುವಂತೆ ಜಾರಿಕೊಂಡೆನೆಂದು ಅನಿಸಿದರೆ ಬಿಡಬೇಡ, ತಿರುಗಿ ಕೇಳು.

ನಮ್ಮಿಬ್ಬರ ಅಪ್ಪಂದಿರು ಮನೆಯ ಮುಂದಿನ ಕಟ್ಟೆಯ ಮೇಲೆ ಬುದ್ಧಿಬಲ ಆಡುತ್ತಿದ್ದುದು ನಿನಗೆ ನೆನಪಿರಬೇಕು. ಸೋಮವಾರ ಊರಲ್ಲಿ ಯಾರೂ ಎತ್ತು ಹೂಡುತ್ತಿರಲಿಲ್ಲ, ಅದೇ ಅವರ ಆಟದ ದಿನ. ನಾವಿಬ್ಬರೂ ಹೊಸ್ತಿಲಲ್ಲಿ ಕೂತು, ಸತ್ತು ಹೊರಬಿದ್ದ ಪ್ಯಾದೆಗಳನ್ನು ಹಂಚಿಕೊಂಡು ಗೊಂಬೆಯಾಟ ಆಡುತ್ತಿದ್ದೆವು. ನನ್ನ ಅಪ್ಪ ಶಾಲೆಯ ಮಾಸ್ತರರು, ರಂಟೆ ಮುಟ್ಟಿದವರಲ್ಲ. ನಮ್ಮ ಎಂಟು ಎಕರೆ ಎರೆಹೊಲವನ್ನು ಇಪ್ಪತ್ತೆರಡು ವರ್ಷ ಪಾಲಿಗೆ ಮಾಡಿದವರು ಕಾಕಾ. ಸುಗ್ಗಿಯಾದ ಮೇಲೆ ಅರ್ಧ ಜೋಳ, ಅರ್ಧ ಹತ್ತಿ ನಮ್ಮ ಪಡಸಾಲೆಗೆ ಬರುತ್ತಿತ್ತು. ಅದಕ್ಕೆ ಒಂದು ಕಾಗದವಿರಲಿಲ್ಲ. ಪಹಣಿಯಲ್ಲಿ ಅವರ ಹೆಸರು ಹಚ್ಚಿಸಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಉಳುವವನಿಗೇ ಹೊಲ ಎಂಬ ಕಾಯದೆ ಬಂದದ್ದು ೧೯೭೪ರಲ್ಲಿ. ಅದಕ್ಕೆ ಹಿಂದಿನ ವರ್ಷವಷ್ಟೇ ನಾನು ಕುಂದಗೋಳದ ಗಂಡನ ಮನೆಯಿಂದ ತಿರುಗಿ ಬಂದಿದ್ದೆ. ಎಂಟು ವರ್ಷ ಮಕ್ಕಳಾಗಲಿಲ್ಲವೆಂದು ಅವರು ಎರಡನೆಯವಳನ್ನು ತಂದರು. ಅವಳು ಬಸುರಾದ ಮೇಲೆ ನನ್ನ ಟ್ರಂಕು ಬಾಗಿಲಿಗೆ ಬಂತು. ಒಂದು ಸೋಮವಾರ ನಾನು ಕಟ್ಟೆಗೆ ಚಹಾ ತಂದುಕೊಟ್ಟಾಗ ಅಪ್ಪ ಹಲಗೆಯಿಂದ ತಲೆ ಎತ್ತದೆಯೇ ಹೇಳಿದರು: "ಹಸನಸಾಬ, ನೀ ಅರ್ಜಿ ಹಾಕು. ಇಪ್ಪತ್ತೆರಡು ವರ್ಷ ನೀ ಉತ್ತೀ, ನಾ ಬರೇ ಉಂಡೀನಿ. ನನಗ ಪೆನ್ಷನ್ ಐತಿ."

ಕಾಕಾ ಚಹಾದ ಬಟ್ಟಲು ಕೆಳಗಿಟ್ಟರು. "ನೀವ ಹೇಳಿದ್ರೂ ನಿಮ್ಮ ಮ್ಯಾಲ ಅರ್ಜಿ ಹಾಕಾಕ ಮನಸ ಬರೂದಿಲ್ರಿ ಮಾಸ್ತರ."

"ನನ್ನ ಮ್ಯಾಲ ಅಲ್ಲೋ ಮಾರಾಯಾ. ಸಾಹೇಬರು ಬಂದು ಕೇಳಿದ್ರ, ಹೌದು, ಇವನ ಹೊಲಾ ಮಾಡಾಂವ ಅಂತ ನಾ ಹೇಳ್ತೀನಿ. ನಿನ್ನ ಆಟ ನೋಡಕೋ ಮೊದಲ, ವಜೀರ ಹೋಗತಾನ."

ಪಡಸಾಲೆಯಲ್ಲಿ ನನ್ನ ಅಣ್ಣ ಕುಬೇರಪ್ಪ ಊಟಕ್ಕೆ ಕೂತಿದ್ದ. ರೊಟ್ಟಿ ಮುರಿಯುವ ಸದ್ದು ನಿಂತಿತು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕಾಕಾ ಆ ತಿಂಗಳೇ ನವಲಗುಂದಕ್ಕೆ ಹೋಗಿ ಅರ್ಜಿ ಕೊಟ್ಟು ಬಂದರು.

ಅದೇ ಶ್ರಾವಣದಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ದಿನ ಹೋದವು. ಹುಬ್ಬಳ್ಳಿಯ ಡಾಕ್ಟರು, ಮಾತು ತಿರುಗಿ ಬರುವುದು ಕಷ್ಟ, ಒಳಗೆ ಎಷ್ಟು ಉಳಿದಿದೆ ಎಂದು ಈಗಲೇ ಹೇಳಲಾರೆ ಎಂದರು. ಇಲ್ಲಿ ಅಣ್ಣನ ವಿಷಯವಾಗಿ ಒಂದು ಮಾತು ಬರೆಯದಿದ್ದರೆ ಅನ್ಯಾಯವಾದೀತು. ಅಪ್ಪನನ್ನು ಎತ್ತಿ ಕೂರಿಸಿದವನು, ಮೈ ತೊಳೆದವನು, ಹಾಸಿಗೆ ಹೊಲಸಾದಾಗ ಮೂಗು ಮುರಿಯದೆ ಬದಲಿಸಿದವನು ಅಣ್ಣನೇ. ನಾನು ಹೆಂಗಸು, ಅಪ್ಪನನ್ನು ಎತ್ತುವ ಶಕ್ತಿ ನನಗಿರಲಿಲ್ಲ. ಇವತ್ತಿಗೂ ದಿನಾ ಅವನೇ ಎತ್ತುತ್ತಾನೆ.

ಎರಡು ತಿಂಗಳು ಅಪ್ಪ ಮಾಡಿನ ತೊಲೆ ನೋಡುತ್ತ ಮಲಗಿದ್ದರು. ಕರೆದರೆ ತಿರುಗುತ್ತಿರಲಿಲ್ಲ. ಒಂದು ಸೋಮವಾರ ಕಾಕಾ ಬಂದು ಯಾರನ್ನೂ ಕೇಳದೆ ಹಲಗೆಯನ್ನು ಮಂಚದ ಮೇಲಿಟ್ಟು ಕಾಯಿ ಜೋಡಿಸಿ ಒಂದು ಪ್ಯಾದೆ ಸರಿಸಿದರು. ಅಪ್ಪನ ಎಡಗೈ ನಡುಗುತ್ತ ಎದ್ದಿತು. ಮೂರು ಕಾಯಿ ಉರುಳಿದವು. ಆದರೆ ಅವರು ಸರಿಸಿದ ಪ್ಯಾದೆ ಸರಿಯಾದ ಪ್ಯಾದೆ, ಇಟ್ಟ ಮನೆ ಸರಿಯಾದ ಮನೆ. ಕಾಕಾ ಅಂಗಳಕ್ಕೆ ಓಡಿಬಂದು ನನ್ನ ರಟ್ಟೆ ಹಿಡಿದು, "ಒಳಗ ಅದಾರ ತಂಗೀ! ಮಾಸ್ತರ ಒಳಗ ಅದಾರ!" ಎಂದು ಅಳುತ್ತ ನಗುತ್ತ ಕೂಗಿದರು.

ಆದರೆ ಕಾಕಾನಿಗೆ ವಾರಕ್ಕೆ ಒಂದೇ ದಿನ ಬಿಡುವು. ಉಳಿದ ಆರು ದಿನ ಅಪ್ಪ ಹಲಗೆಯನ್ನು ಎಡಗೈಯ ತೋರುಬೆರಳಿನಿಂದ ಟಕಟಕ ಕುಟ್ಟುತ್ತ ಮಲಗುತ್ತಿದ್ದರು. ಆ ಸದ್ದು ತಡೆಯಲಾರದೆ ನಾನು ಕಲಿಯಲು ಕೂತೆ.

ಅಪ್ಪನ ಪೆಟ್ಟಿಗೆಯಲ್ಲಿ ಒಂದು ಪುಸ್ತಕವಿತ್ತು. ಅವರು ಧಾರವಾಡದಲ್ಲಿ ಮಾಸ್ತರಿಕೆಯ ಟ್ರೇನಿಂಗ್ ಮಾಡುವಾಗ ಕೊಂಡದ್ದು. ರಟ್ಟು ಹೋಗಿತ್ತು, ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಬುದ್ಧಿಬಲವನ್ನು ಮೊದಲ ಪಾಠದಿಂದ ಕಲಿಸುವ ಪುಸ್ತಕ: ಹಲಗೆಯ ಚಿತ್ರಗಳು, ಚಿತ್ರದ ಕೆಳಗೆ ಪ್ರಶ್ನೆ, ಕೊನೆಯ ಹಾಳೆಗಳಲ್ಲಿ ಉತ್ತರ. ಅದರ ಆಟವೂ ನಮ್ಮೂರ ಆಟವೂ ಬೇರೆ ಬೇರೆ. ಪುಸ್ತಕದಲ್ಲಿ ಪ್ಯಾದೆ ಮೊದಲ ಸಲ ಎರಡು ಮನೆ ಹೋಗಬಹುದು, ರಾಜ ಆನೆಯ ಮರೆಗೆ ಸರಿದು ಕೋಟೆ ಕಟ್ಟಿಕೊಳ್ಳಬಹುದು. ಒಂದು ಸೋಮವಾರ ಅದನ್ನು ಕಾಕಾನಿಗೆ ತೋರಿಸಿದಾಗ, "ಇದೆಂಥಾ ರಾಜ ಬೇ ಸುಶೀಲವ್ವಾ, ಆನೀ ಹಿಂದ ಅಡಗಾಂವ! ನಮ್ಮೂರ ರಾಜ ಕುದರಿಗತೆ ಜಿಗೀತಾನ" ಎಂದು ನಕ್ಕರು. ಹೀಗಾಗಿ ಸೋಮವಾರ ಊರಿನ ಆಟ, ಉಳಿದ ದಿನ ಪುಸ್ತಕದ ಆಟ. ಅಪ್ಪ ಎರಡನ್ನೂ ಒಂದು ಸಲವೂ ಬೆರಕೆ ಮಾಡಲಿಲ್ಲ. ಬುದ್ಧಿ ಹೋದವರು ಹಾಗೆ ಮಾಡುತ್ತಾರೆಯೇ, ಮೌಲಾ?

ಮಧ್ಯಾಹ್ನ ಅತ್ತಿಗೆ ರೇವವ್ವ ಬಟ್ಟೆ ಒಗೆಯಲು ಕೆರೆಗೆ ಹೋದ ಮೇಲೆ ನಾನು ಮಂಚದ ಬದಿಗೆ ಕೂರುತ್ತಿದ್ದೆ. ಮೊದಲ ಎರಡು ತಿಂಗಳು ಹತ್ತು ಹನ್ನೆರಡು ನಡೆಗೇ ಮುಗಿದುಹೋಗುತ್ತಿತ್ತು. ವಜೀರ ದೊಡ್ಡವನೆಂದು ಅವನನ್ನೇ ಮುಂದೆ ಓಡಿಸುತ್ತಿದ್ದೆ, ಅಪ್ಪ ಕುದುರೆ ಒಂಟೆಗಳಿಂದ ಅವನನ್ನು ಅಟ್ಟಾಡಿಸಿ ಹಿಡಿಯುತ್ತಿದ್ದರು. ನಾನು ತಪ್ಪು ನಡೆ ನಡೆದರೆ ಬೆರಳಿನಿಂದ ಎರಡು ಸಲ ಕುಟ್ಟುವರು. ಆಮೇಲೆ ಪುಸ್ತಕ ತೆರೆಸಿ, ಹಾಳೆ ತಿರುವಿಸಿ, ಯಾವ ಪಾಠ ಓದಬೇಕೋ ಅದರ ಮೇಲೆ ಬೆರಳಿಡುವರು. ಪ್ರಶ್ನೆಗಳಿಗೆ ನಾನು ಹಿಂದಿನ ಹಾಳೆಯಲ್ಲಿ ಉತ್ತರ ಕದ್ದು ನೋಡಿದ್ದು ಒಂದು ದಿನ ಗೊತ್ತಾಯಿತು. ಸೂಜಿದಾರ ತರಿಸಿದರು. ಉತ್ತರದ ಹಾಳೆಗಳನ್ನೆಲ್ಲ ನನ್ನ ಕೈಯಿಂದಲೇ ಹೊಲಿಸಿ ಮುಚ್ಚಿಸಿದರು. ಮಾತಿಲ್ಲ, ಬಲಗೈಯಿಲ್ಲ, ಮಾಸ್ತರಿಕೆ ಮಾತ್ರ ಹಾಗೆಯೇ ಇತ್ತು.

ಪುಸ್ತಕದಲ್ಲಿ ಒಂದು ಮಾತು ಪಾಠಪಾಠಕ್ಕೂ ಬರುತ್ತಿತ್ತು. ನಿಮಗೆ ಏನು ಬೇಕೆಂದು ಆಮೇಲೆ ನೋಡಿ, ಎದುರಿನವನಿಗೆ ಏನು ಬೇಕಾಗಿದೆಯೋ ಅದನ್ನು ಮೊದಲು ನೋಡಿ ಎಂದು. ಅದನ್ನು ಓದಿ ನನಗೆ ಗಂಡನ ಮನೆ ನೆನಪಾಯಿತು. ಕುಂದಗೋಳದಲ್ಲಿ ಪಡಸಾಲೆಯಲ್ಲಿ ಎರಡನೆಯ ಮದುವೆಯ ಮಾತು ನಡೆಯುತ್ತಿದ್ದಾಗ ಬಂದವರಿಗೆ ಹೋಳಿಗೆ ಬಡಿಸಿದವಳು ನಾನು. ಇವರೆಲ್ಲ ಯಾಕೆ ಬಂದಿದ್ದಾರೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ನಿಧಾನವಾಗಿ ಕಣ್ಣು ತೆರೆಯಿತು. ಹನ್ನೆರಡು ನಡೆಗೆ ಸೋಲುತ್ತಿದ್ದವಳು ಇಪ್ಪತ್ತಕ್ಕೆ, ಮೂವತ್ತಕ್ಕೆ ಸೋಲತೊಡಗಿದೆ. ಕಾಯಿಗಳೆಲ್ಲ ಸತ್ತು ಬರೀ ರಾಜರೂ ಒಂದು ಪ್ಯಾದೆಯೂ ಉಳಿದಾಗ ಆಡುವ ಪಾಠಕ್ಕೇ ಒಂದು ಚಳಿಗಾಲ ಹಿಡಿಯಿತು. ಪ್ಯಾದೆಯನ್ನು ಓಡಿಸಬಾರದು, ರಾಜನನ್ನು ಅದರ ಮುಂದೆ ನಡೆಸಬೇಕು ಎಂಬುದು ತಲೆಗೆ ಹತ್ತಿದ ದಿನ ನಾನು ಹಿಟ್ಟು ನಾದುವಾಗ ಕೊಣಮಿಗೆಯಲ್ಲೂ ಅದನ್ನೇ ಕಾಣುತ್ತಿದ್ದೆ. ೧೯೭೬ರ ಕಾರಹುಣ್ಣಿಮೆಯ ಮರುದಿನ ನನ್ನ ಕುದುರೆ ಒಂದೇ ಜಿಗಿತಕ್ಕೆ ಅಪ್ಪನ ರಾಜನಿಗೆ ಶಹ ಕೊಟ್ಟು ಅವರ ಆನೆಯ ಮೇಲೂ ಬಂದು ಕೂತಿತು. ಎರಡು ವರ್ಷದಲ್ಲಿ ಮೊದಲ ಸಲ ಗೆದ್ದೆ. ಅಪ್ಪನ ಮುಖದ ಅರ್ಧ ನಕ್ಕಿತು. ಜೊಲ್ಲು ಇಳಿಯುತ್ತಿದ್ದರೂ ಒರೆಸಗೊಡದೆ, ಎಡಗೈಯನ್ನು ನನ್ನ ತಲೆಯ ಮೇಲಿಟ್ಟರು. ನನ್ನ ಜನ್ಮದಲ್ಲಿ ನಾನು ಏನನ್ನಾದರೂ ಚೆನ್ನಾಗಿ ಮಾಡಿದ್ದೇನೆಂದು ಯಾರಾದರೂ ಒಪ್ಪಿದ್ದು ಅದೊಂದೇ ಸಲ.

ಹೀಗೆ ಅಪ್ಪನ ಬುದ್ಧಿ ಅಗದಿ ನೆಟ್ಟಗಿದೆ ಎಂದು ಖಚಿತವಾಗಿ ಗೊತ್ತಿದ್ದವರು ಮೂವರು. ಕಾಕಾ, ನಾನು, ಅಣ್ಣ.

ಕಾಕಾನ ಅರ್ಜಿ ವಿಚಾರಣೆಗೆ ಬಂದದ್ದು ೧೯೭೭ರ ದೀಪಾವಳಿ ಕಳೆದ ವಾರ. ಅಣ್ಣ ಎದುರು ಬರೆದುಕೊಟ್ಟಿದ್ದ. ಹಸನಸಾಬ ನಮ್ಮ ಕೂಲಿಯಾಳು, ಹೊಲ ನಾವೇ ಮಾಡಿಸುತ್ತೇವೆ, ತಂದೆಗೆ ಬುದ್ಧಿಭ್ರಮಣೆಯಾಗಿದೆ ಎಂದು. ಊರಲ್ಲಿ ಸಾಕ್ಷಿ ಹೇಳುವವರು ಇದ್ದರು, ಆದರೆ ಕಾಕಾ ಯಾರನ್ನೂ ಕರೆಯಲಿಲ್ಲ. "ಮಾಸ್ತರ ಕೈ ಎತ್ತಿದ್ರ ಸಾಕು, ನಡಕ ಮಂದೀನ ಯಾಕ ತರೂದು" ಎಂದರಂತೆ. ಅಪ್ಪನನ್ನು ನವಲಗುಂದಕ್ಕೆ ಒಯ್ಯಲಾಗದ್ದರಿಂದ ಅಧಿಕಾರಿಗಳೇ ಮನೆಗೆ ಬರುವುದೆಂದಾಯಿತು.

ಹಿಂದಿನ ದಿನ ಬೆಳಗ್ಗೆ ಅಣ್ಣ ಅಪ್ಪನಿಗೆ ಸ್ನಾನ ಮಾಡಿಸುತ್ತಿದ್ದ. ನಾನು ಬಿಸಿನೀರು ತಂದು ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಬೆನ್ನಿಗೆ ನೀರು ಹಾಕುತ್ತ ಅಣ್ಣ ಮೆತ್ತಗೆ ಹೇಳಿದ: "ಅಪ್ಪಾ, ನಾಳಿ ಸಾಹೇಬರು ಬರ್ತಾರ. ನಿಮಗ ತಿಳುವಳಿಕಿ ಐತಿ ಅಂತ ಕಂಡ್ರ ಹೊಲಾ ಹೋಗತೈತಿ. ಇಲ್ಲಂತ ಕಂಡ್ರ ಉಳೀತೈತಿ. ನನಗ ಮೂರು ಹೆಣ್ಣುಮಕ್ಕಳು. ನಿಮ್ಮನ್ನ ನಾ ಎಂದೂ ಎತ್ತಿ ಒಗದಿಲ್ಲ, ಮುಂದೂ ಒಗಿಯೂದಿಲ್ಲ. ನಾ ಇದು ಮಾಡ್ರಿ ಅಂತ ಹೇಳೂದಿಲ್ಲ. ನೀವ ವಿಚಾರ ಮಾಡ್ರಿ."

ಹೊರಗೆ ಬಂದು ನನ್ನನ್ನು ಕಂಡ. ಕೈ ಒರೆಸಿಕೊಳ್ಳುತ್ತ, "ನೀನೂ ವಿಚಾರ ಮಾಡು ತಂಗಿ. ಈ ಮನಿ ಬಿಟ್ರ ನಿನಗ ಮತ್ತೊಂದು ಮನಿ ಯಾವದೈತಿ?" ಎಂದ. ಬೆದರಿಸಿದಂತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಕೇಳಿದಂತಿತ್ತು.

ನಾನು ಹೆದರಲಿಲ್ಲ. ಅಪ್ಪ ಕೈ ಎತ್ತುತ್ತಾರೆ, ನನ್ನನ್ನು ಯಾರೂ ಏನೂ ಕೇಳುವುದಿಲ್ಲ ಎಂದು ನಂಬಿ ಹಲಗೆ ಒರೆಸಿಟ್ಟೆ.

ಮರುದಿನ ಹತ್ತು ಗಂಟೆಗೆ ಸಾಹೇಬರೊಬ್ಬರು, ಒಬ್ಬ ಗುಮಾಸ್ತರು ಜೀಪಿನಲ್ಲಿ ಬಂದರು. ಒಳ್ಳೆಯ ಮನುಷ್ಯರು, ಅವಸರ ಮಾಡಲಿಲ್ಲ. ನಿನ್ನ ಅಪ್ಪ ಒಗೆದ ಧೋತರ ಉಟ್ಟು, ಪಟಗಾ ಸುತ್ತಿಕೊಂಡು ಬಂದಿದ್ದರು. ಸಾಹೇಬರು ಅಪ್ಪನ ಮುಖದ ಹತ್ತಿರ ಬಾಗಿ, "ಮಾಸ್ತರ್ರೇ, ಈ ಹಸನಸಾಬ ನಿಮ್ಮ ಹೊಲದ ರೈತನೇ? ಹೌದಾದರೆ ಎಡಗೈ ಎತ್ತಿರಿ" ಎಂದರು. ಅಪ್ಪ ತೊಲೆ ನೋಡುತ್ತಿದ್ದರು. ಮೂರು ಸಲ ಕೇಳಿದರು. ಕೈ ಏಳಲಿಲ್ಲ.

"ಸಾಹೇಬರ, ಮಾತು ಹೋಗೇತಿ ಖರೆ, ಬುದ್ಧಿ ಹೋಗಿಲ್ರಿ," ಎಂದರು ಕಾಕಾ. "ಹೊಸಾ ಮಂದಿ ಕಂಡು ಗಾಬರಿ ಆಗ್ಯಾರ. ಒಂದೀಟು ಬುದ್ಧಿಬಲ ಆಡ್ಲಿ, ನೀವ ನೋಡ್ರಿ." ಸಾಹೇಬರಿಗೆ ಆ ಆಟ ಗೊತ್ತಿತ್ತು. ಕುತೂಹಲದಿಂದ ಆಗಲಿ ಎಂದರು. ನಾನು ಹಲಗೆ ಹಾಸಿದೆ. ಕಾಕಾ ಎದುರಿಗೆ ಕೂತು, ಯಾವಾಗಿನಂತೆ ಬಿಸ್ಮಿಲ್ಲಾ ಅಂದು ಒಂದು ಪ್ಯಾದೆ ಸರಿಸಿದರು.

ಅಪ್ಪ ಹಲಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಣ್ಣನನ್ನು ನೋಡಿದರು. ಎಡಗೈ ಎತ್ತಿ ಮೂಲೆಯ ಆನೆಯನ್ನು ಹಿಡಿದು, ತಮ್ಮದೇ ಪ್ಯಾದೆಯ ಮೇಲಿಂದ ದಾಟಿಸಿ, ಓರೆಯಾಗಿ ಹಲಗೆಯ ನಡುವಿಗೆ ಇಟ್ಟರು.

"ಮಾಸ್ತರ, ಅದು ಆನಿ ರೀ. ಆನಿ ನೆಟ್ಟಗ ನಡೀತೈತಿ," ಎಂದು ಕಾಕಾ ಮೆಲ್ಲಗೆ ಅದನ್ನು ತಿರುಗಿ ಮೂಲೆಗೆ ಇಟ್ಟರು. ಅಪ್ಪ ಮತ್ತೆ ಅದನ್ನೇ ಎತ್ತಿ ಮತ್ತೆ ಓರೆಯಾಗಿ ಇಟ್ಟರು. ಗುಮಾಸ್ತರು ಮುಗುಳ್ನಕ್ಕರು. ಕಾಕಾ ನಗಲಿಲ್ಲ. ಮೂರನೆಯ ಸಲ ಆನೆಯನ್ನು ಮೂಲೆಗೆ ಇಡುತ್ತಿದ್ದಾಗ ಅಪ್ಪ ಒಂದು ಪ್ಯಾದೆಯನ್ನು ತೆಗೆದು ಬಾಯಲ್ಲಿ ಹಾಕಿಕೊಂಡರು. ಚೀಪತೊಡಗಿದರು.

ಮೌಲಾ, ನಿನ್ನ ಅಪ್ಪ ಎದ್ದು ಮಂಚದ ಮೇಲೆ ಬಾಗಿ, ಕೂಸಿನ ಬಾಯಿಂದ ತೆಗೆಯುವಂತೆ, ಎರಡು ಬೆರಳು ಹಾಕಿ ಆ ಪ್ಯಾದೆಯನ್ನು ಹೊರಗೆ ತೆಗೆದರು. ತಮ್ಮ ಪಟಗಾದ ಸೆರಗಿನಿಂದ ಅಪ್ಪನ ಬಾಯಿ ಒರೆಸಿದರು. "ಸಾಕ್ರಿ ಸಾಹೇಬರ, ಸಾಕು. ಅವರನ್ನ ಇಷ್ಟು ಮಂದಿ ಮುಂದ ಹಿಂಗ ಮಾಡೂದು ಬ್ಯಾಡ್ರಿ" ಎಂದರು. ತಮ್ಮ ಮೊಕದ್ದಮೆಯನ್ನು ಅವರೇ ಹಾಗೆ ಮುಗಿಸಿದರು.

ಮುಗಿದಿರಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿ, "ನೀವು ದಿನಾ ಅವರ ಹತ್ತಿರ ಇರುವವರು. ಇವರು ಎಂದಾದರೂ ತಿಳಿದು ಆಡಿದ್ದು ಉಂಟೇ?" ಎಂದು ಕೇಳಿದರು. ಕಾಕಾ ನನ್ನ ಮುಖ ನೋಡಿದರು.

ಆ ಗಳಿಗೆಯಲ್ಲಿ ಅಪ್ಪನಿಗೆ ನಿಜವಾಗಿಯೇ ಇನ್ನೊಂದು ಏಟು ಬಿದ್ದಿದೆಯೆಂದು ನಾನು ತಿಳಿದೆ ಎಂದು ಬರೆದುಬಿಡಬಹುದು. ನನಗೆ ನಾನೇ ಒಂದು ವರ್ಷ ಹಾಗೆ ಹೇಳಿಕೊಂಡೆ. ಆದರೆ ಮೂರು ವರ್ಷ ಆ ಕೈಯೊಡನೆ ಆಡಿದವಳು ನಾನು. ಒಂದು ಕಾಯಿಯೂ ಉರುಳದಂತೆ ಆನೆಯನ್ನು ಎತ್ತಿದ ಆ ಕೈಯನ್ನು ನೋಡಿದ ಕೂಡಲೆ ನನಗೆ ಗೊತ್ತಾಯಿತು.

"ಇಲ್ರಿ," ಎಂದೆ. "ನಾನ ಅವರ ಕೈ ಹಿಡದು ಆಡಸ್ತಿದ್ದೆ."

ಗುಮಾಸ್ತರು ಬರೆದುಕೊಂಡರು. ನಾನು ಸಹಿ ಮಾಡಿದೆ. ಕಾಕಾ ಸೋಮವಾರ ಸೋಮವಾರ ಅಪ್ಪನೊಡನೆ ಆಡಿದ್ದನ್ನು ನಾನು ಕಂಡಿದ್ದೆ, ನಾನು ಕಂಡದ್ದು ಅವರಿಗೂ ಗೊತ್ತಿತ್ತು. ಆದರೂ ಅವರು ನನ್ನನ್ನು ಸುಳ್ಳಿ ಅನ್ನಲಿಲ್ಲ. ಹೊರಗೆ ಹೋಗುವಾಗ, "ಹೋಗ್ಲಿ ಬಿಡವಾ, ನೀ ಏನ ಮಾಡ್ತೀ" ಎಂದಷ್ಟೇ ಹೇಳಿ ಮೆಟ್ಟು ಮೆಟ್ಟಿಕೊಂಡರು. ಅರ್ಜಿ ವಜಾ ಆಯಿತು. ಮುಂದಿನ ಹಂಗಾಮಿಗೆ ಅಣ್ಣ ಆಳು ಹಚ್ಚಿ ಆ ಹೊಲ ಬಿತ್ತಿದ.

ವಿಚಾರಣೆಯ ಮರುದಿನ ಬೆಳಗ್ಗೆ ಅಪ್ಪ ಎಂದಿನಂತೆ ಹಲಗೆ ಕುಟ್ಟಿದರು. ನಾನು ಕೂತೆ. ಅವರು ಅಂಥ ಆಟವನ್ನು ಎಂದೂ ಆಡಿರಲಿಲ್ಲ. ಒಂದು ಪ್ಯಾದೆಯನ್ನೂ ಬಿಟ್ಟುಕೊಡಲಿಲ್ಲ, ಇಪ್ಪತ್ತೇಳು ನಡೆಗೆ ನನ್ನ ರಾಜನನ್ನು ಮೂಲೆಗೆ ಒತ್ತಿ ಮಾತ್ ಮಾಡಿದರು. ಕಾಯಿ ಎತ್ತಿಡುತ್ತ, ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ. ಅಪ್ಪ ಕಣ್ಣು ಮುಚ್ಚಿದರು. ಮೊಮ್ಮಕ್ಕಳ ಸಲುವಾಗಿಯೋ, ದಿನಾ ತಮ್ಮನ್ನು ಎತ್ತುವ ಕೈಗೆ ಹೆದರಿಯೋ, ಆ ಕೈಯ ಋಣಕ್ಕೋ, ನನಗೆ ತಿಳಿಯದು. ನನ್ನದು ಮಾತ್ರ ತಿಳಿದಿದೆ. ಹೋಗಲು ಜಾಗವಿರಲಿಲ್ಲ, ಅದಕ್ಕೇ ಸುಳ್ಳು ಹೇಳಿದೆ.

ಇಲ್ಲಿಯವರೆಗಿನದನ್ನು ನೀನು ಹೇಗಾದರೂ ಸಹಿಸಬಹುದು. ಮುಂದಿನದನ್ನು ಬರೆಯಲು ನನ್ನ ಕೈ ಬರುತ್ತಿಲ್ಲ.

ಹೊಲ ಹೋದ ಮೇಲೂ ನಿನ್ನ ಅಪ್ಪ ಬರುವುದನ್ನು ಬಿಡಲಿಲ್ಲ. ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಿದ್ದರು, ಸೋಮವಾರ ನಮ್ಮ ಮನೆಗೆ ಬರುತ್ತಿದ್ದರು. ಹಲಗೆ ಮುಟ್ಟುತ್ತಿರಲಿಲ್ಲ. ಮಂಚದ ಬದಿಗೆ ಕೂತು ಅಪ್ಪನ ಕಾಲು ಒತ್ತುತ್ತ ಮಳೆಯ ಸುದ್ದಿ, ಸಂತೆಯ ಸುದ್ದಿ ಹೇಳುತ್ತಿದ್ದರು. ಅಪ್ಪ ತೊಲೆ ನೋಡುತ್ತ ಬಾಯಿ ತೆರೆದುಕೊಂಡು ಮಲಗುತ್ತಿದ್ದರು, ಏನೂ ತಿಳಿಯದವರ ಹಾಗೆ. ಯಮನೂರಿನ ದರ್ಗಾಕ್ಕೆ ನಡೆದು ಹೋಗಿ ಅಪ್ಪನ ಹೆಸರಲ್ಲಿ ಸಕ್ಕರೆ ಓದಿಸಿಕೊಂಡು ಬಂದು ಚಿಟಿಕೆ ಚಿಟಿಕೆಯಾಗಿ ನಾಲಗೆಗೆ ಹಚ್ಚಿದರು. ಒಮ್ಮೆ ಅಪ್ಪನ ಕಣ್ಣಲ್ಲಿ ನೀರು ಇಳಿಯಿತು. ಕಾಕಾ ಅದನ್ನು ಒರೆಸಿ ನನಗೆ ಹೇಳಿದರು: "ಕಣ್ಣೀರು ತಾವಾಗೇ ಬರ್ತಾವ ನೋಡವಾ. ಪಾಪ, ಅವರಿಗೆ ಗೊತ್ತಾಗೂದಿಲ್ಲ."

ನಾನು ಒಲೆಯ ಮುಂದೆ ಕೂತಿದ್ದೆ. ಮಾತಾಡಲಿಲ್ಲ. ಒಂದು ವರ್ಷ, ಪ್ರತಿ ಸೋಮವಾರ, ಮಾತಾಡಲಿಲ್ಲ.

ಕಳೆದ ಡಿಸೆಂಬರಿನಲ್ಲಿ ನಿನ್ನ ತಮ್ಮ ಅಬ್ದುಲ್‌ಸಾಬ ಬಂದು, ಕಾಕಾ ದಮ್ಮು ಹತ್ತಿ ತೀರಿಕೊಂಡರೆಂದು ಹೇಳಿದ. ನಾನು ಅಪ್ಪನ ಕಿವಿಯ ಹತ್ತಿರ ಬಾಗಿ ಹೇಳಿದೆ. ಅಂದಿನಿಂದ ಹಲಗೆ ತಂದಿಟ್ಟರೆ ಮುಖ ಗೋಡೆಗೆ ತಿರುಗಿಸುತ್ತಾರೆ. ಪುಸ್ತಕದ ಪಾಠಗಳನ್ನೆಲ್ಲ ನಾನು ಮುಗಿಸಿದ್ದೇನೆ. ಈಗ ಚೆನ್ನಾಗಿ ಆಡಬಲ್ಲೆ. ಈ ಊರಲ್ಲಿ ನನ್ನೊಡನೆ ಆಡುವವರು ಯಾರೂ ಉಳಿದಿಲ್ಲ.

ಸಿಟ್ಟು ಇಟ್ಟುಕೊಳ್ಳಬೇಡ ಎಂದು ಕಾಕಾ ನಿನಗೆ ಹೇಳಿದರಲ್ಲ, ಆ ಮಾತಿಗೆ ನಾವು ಯೋಗ್ಯರಲ್ಲ. ಅವರು ಕ್ಷಮಿಸಿದ್ದು ಹುಚ್ಚನಾದ ಗೆಳೆಯನನ್ನು. ಅಂಥವನು ಇರಲೇ ಇಲ್ಲ. ನೀನು ಸಿಟ್ಟು ಇಟ್ಟುಕೋ.

ಧಾರವಾಡದಲ್ಲಿ ಯಾರಾದರೂ ವಕೀಲರಿಗೆ ಈ ಪತ್ರವನ್ನು ತೋರಿಸಲು ಅಬ್ದುಲ್‌ಸಾಬನಿಗೆ ಹೇಳು. ಬೆಂಗಳೂರಿನ ಹೈಕೋರ್ಟಿಗೆ ಹೋಗಲು ದಾರಿಯಿದೆಯೆಂದು ಕೇಳಿದ್ದೇನೆ. ನಾನು ಬಂದು ಇದನ್ನೇ ಪ್ರಮಾಣ ಮಾಡಿ ಹೇಳುತ್ತೇನೆ, ಸುಳ್ಳು ಸಹಿ ಮಾಡಿದ್ದಕ್ಕೆ ಏನು ಶಿಕ್ಷೆಯೋ ಅದೂ ಆಗಲಿ. ಅದಕ್ಕೆಂದೇ ಪ್ರತಿ ಹಾಳೆಯ ಕೆಳಗೆ ಹೆಸರು, ತಾರೀಖು ಹಾಕಿದ್ದೇನೆ. ಇವತ್ತು ಬೆಳಗ್ಗೆ ಅಣ್ಣನಿಗೂ ಹೇಳಿದೆ. ಅವನು ಬಯ್ಯಲಿಲ್ಲ. "ಕಾಗದಾ ಪೋಸ್ಟಿಗೆ ಬಿದ್ದ ಮ್ಯಾಲ ನೀ ಇಲ್ಲಿ ಹ್ಯಾಂಗ ಇರ್ತೀ?" ಎಂದ. ಇರುವುದಿಲ್ಲ ಎಂದೆ. ಎಲ್ಲಿಗೆ ಎಂದು ಅವನೂ ಕೇಳಲಿಲ್ಲ, ನನಗೂ ಗೊತ್ತಿಲ್ಲ. ಅಪ್ಪನಿಗೆ ಯಾರು ಉಣಿಸುತ್ತಾರೆ ಎಂಬುದೊಂದೇ ಎದೆಯಲ್ಲಿ ಕೂತಿದೆ.

ನಿನ್ನ ಅವ್ವ ರಾಜಮಾಬಿ ಚಿಗವ್ವನಿಗೆ ಇದನ್ನು ಓದಿ ಹೇಳಬೇಕೋ ಬೇಡವೋ, ನೀನೇ ನಿರ್ಧರಿಸು.

ನಿನ್ನ ಗೆಳತಿ ಎಂದು ಬರೆಯಲು ಧೈರ್ಯ ಸಾಲದೆ, ಬರೀ ಹೆಸರು ಬರೆಯುತ್ತಿದ್ದೇನೆ.

ಸುಶೀಲವ್ವ ಶಂಭುಲಿಂಗಪ್ಪ ಅಳಗವಾಡಿ

ತಾ.ಕ.: ಲಕೋಟೆಗೆ ಹಾಕುವ ಮೊದಲು ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಗೊತ್ತಿಲ್ಲದೆ ಕಳಿಸಬಾರದೆಂದು. ಮೊದಲ ಹಾಳೆಗಳನ್ನು ಓದುವಾಗ ಅಲುಗಾಡದೆ ಕೇಳಿದರು. ಸಾಹೇಬರು ಬಂದ ದಿನದ ಹಾಳೆಯನ್ನು ಓದಿ ಮುಗಿಸಿ ಹಾಸಿಗೆಯ ಮೇಲಿಟ್ಟೆ. ಎಡಗೈ ಚಾಚಿ, ಬೇರೆ ಯಾವುದನ್ನೂ ಮುಟ್ಟದೆ, ಅದೊಂದನ್ನೇ ಎಳೆದುಕೊಂಡು ಹಲ್ಲಲ್ಲಿ ಕಚ್ಚಿ ಹರಿದರು. ನಾನು ಕಿತ್ತುಕೊಳ್ಳುವಷ್ಟರಲ್ಲಿ ನಾಲ್ಕು ತುಂಡಾಗಿತ್ತು. ಅನ್ನದ ಗಂಜಿ ಹಚ್ಚಿ ಅಂಟಿಸಿದ್ದೇನೆ. ಮತ್ತೆ ಚಂದ ಮಾಡಿ ಬರೆಯಬಹುದಿತ್ತು, ಬರೆಯಲಿಲ್ಲ. ವಕೀಲರಿಗೆ ಅದನ್ನು ಹಾಗೆಯೇ ತೋರಿಸು, ಹರಿದವರು ಯಾರೆಂದೂ ಹೇಳು.